ಹನ್ನೊಂದನೇ ವಿಧಿಗೆ ತಿಪಟೂರಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
11ನೇ ವಿಧಿ,
ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ.

ಮಾನ್ಯರೇ,

ವಿಶ್ವಸಂಸ್ಥೆಯ ಮಹಾಸಭೆ ನಿಮ್ಮನ್ನು ಅಂಗೀಕರಿಸಿದ್ದು 1966ರ ಡಿಸೆಂಬರ್ 16ರಂದು. ಭಾರತ ನಿಮಗೆ ಒಪ್ಪಿಗೆ ಕೊಟ್ಟದ್ದು 1979ರ ಏಪ್ರಿಲ್ 10ರಂದು. ಒಡಂಬಡಿಕೆಯ ಬೇರೆ ಕೆಲವು ವಿಧಿಗಳ ವಿಚಾರದಲ್ಲಿ ದೆಹಲಿ ಅಂದು ತನ್ನ ಷರತ್ತು, ವಿವರಣೆಗಳನ್ನು ಬರೆದು ಸೇರಿಸಿತು. ನಿಮ್ಮ ವಿಚಾರದಲ್ಲಿ ಏನನ್ನೂ ಸೇರಿಸಲಿಲ್ಲ. ಇಡಿಯಾಗಿ ಒಪ್ಪಿಕೊಂಡಿತು. ನೀವಾದರೂ ಒಂದೇ ವಾಕ್ಯದವರು: ಕರಾರಿನಂತೆ ನಡೆಯಲು ಕೈಲಾಗಲಿಲ್ಲ ಎಂಬ ಕಾರಣವೊಂದರಿಂದಲೇ ಯಾರನ್ನೂ ಸೆರೆಗೆ ಹಾಕಕೂಡದು. ತುರ್ತು ಪರಿಸ್ಥಿತಿ ಬಂದಾಗ ಸರ್ಕಾರಗಳು ಬದಿಗಿಡಬಹುದಾದ ಹಕ್ಕುಗಳ ಸಾಲಿನಲ್ಲೂ ನೀವಿಲ್ಲ. ಜೀವಿಸುವ ಹಕ್ಕು, ಚಿತ್ರಹಿಂಸೆಯಿಂದ ರಕ್ಷಣೆ, ಗುಲಾಮಗಿರಿಯ ನಿಷೇಧ ಇವುಗಳ ಪಕ್ಕದಲ್ಲೇ ನಿಮ್ಮನ್ನೂ ಕೂರಿಸಿದ್ದಾರೆ.

ನಾನು ತಿಪಟೂರಿನಲ್ಲಿ ವಕೀಲಿ ಮಾಡುವವನು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕೋರ್ಟುಗಳಿಗೂ ಓಡಾಡುತ್ತೇನೆ. ಒಪ್ಪಿಗೆ ಕೊಟ್ಟ ಸರ್ಕಾರಕ್ಕೇ ಈ ಕಾಗದ ಬರೆಯಬಹುದಿತ್ತು. ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಮೂರು ತಾಲ್ಲೂಕುಗಳಲ್ಲಿ ನಿಮ್ಮ ಅಗತ್ಯ ಇರುವ ಜನ ಬಹಳ, ನಿಮ್ಮ ಹೆಸರು ಕೇಳಿದವರು ಕಡಿಮೆ. ಅಮಲ್ಜಾರಿ ಅರ್ಜಿಗೆ ಹಾಕುವ ತಕರಾರಿನಲ್ಲಿ ನಿಮ್ಮನ್ನು ಕಾಣುವುದು ಅಪರೂಪ. ಈ ಪತ್ರವನ್ನು ನನ್ನ ಜೊತೆಯ ಕಿರಿಯ ವಕೀಲರೂ ಅವರ ಕಕ್ಷಿದಾರರೂ ಓದಲಿ ಎಂಬ ಆಸೆಯಿಂದಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಸಾಲ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ಹೇಳಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಎಂಟರಿಂದ ಹನ್ನೊಂದು ತಿಂಗಳು ಬೇಕು. ಅಷ್ಟು ದಿನ ಬೆಳೆಗಾರನ ದುಡ್ಡು ಅಟ್ಟದ ಮೇಲೆ, ಖರ್ಚು ನೆಲದ ಮೇಲೆ. ಮಗಳ ಮದುವೆ, ಮಗನ ಫೀಸು, ಬತ್ತಿಹೋದ ಕೊಳವೆಬಾವಿಯ ಬದಲಿಗೆ ಇನ್ನೊಂದು ಕೊಳವೆಬಾವಿ, ಯಾವುದೂ ಕಾಯಿ ಒಣಗುವ ತನಕ ಕಾಯುವುದಿಲ್ಲ. ಆಗ ಸೊಸೈಟಿ, ಬ್ಯಾಂಕು, ಮಂಡಿ, ಕೈಸಾಲ. ನುಸಿ ಪೀಡೆ, ಕಪ್ಪುತಲೆ ಹುಳು, ಅಣಬೆ ರೋಗ, ಈಚೆಗೆ ಬಿಳಿ ನೊಣ ಒಂದರ ಹಿಂದೆ ಒಂದು ಬಂದು ಮರದ ಇಳುವರಿ ತಗ್ಗಿಸಿವೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೆ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. 2024ರಲ್ಲಿ ಬೆಂಬಲ ಬೆಲೆಯ ಖರೀದಿಗೆ ಹೆಸರು ಬರೆಸಲು ಬೆಳೆಗಾರರು ರಾತ್ರಿಯೆಲ್ಲ ಸರತಿಯಲ್ಲಿ ಕೂತರು. 2025ರಲ್ಲಿ ದರ ಇಪ್ಪತ್ತು ಸಾವಿರ ದಾಟಿತು. ಅಷ್ಟು ಹೊತ್ತಿಗೆ ಬಹಳ ಮಂದಿಯ ಅಟ್ಟದಲ್ಲಿ ಕಾಯಿಯೇ ಇರಲಿಲ್ಲ.

ಈ ಏರಿಳಿತವನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಂ. 1908ರ ಕಾನೂನು ಅದು. ಹಣದ ಡಿಕ್ರಿ ಪಡೆದವನು ಸಾಲಗಾರನ ಆಸ್ತಿ ಜಪ್ತಿ ಮಾಡಿಸಬಹುದು. ಅದಲ್ಲದೆ ಸಾಲಗಾರನನ್ನೇ ಹಿಡಿಸಿ ಸಿವಿಲ್ ಜೈಲಿಗೆ ಕಳಿಸಬಹುದು. ಬಾಕಿ ಐದು ಸಾವಿರ ರೂಪಾಯಿ ದಾಟಿದ್ದರೆ ಮೂರು ತಿಂಗಳವರೆಗೆ. ಜೈಲಿನಲ್ಲಿರುವಷ್ಟು ದಿನ ಅವನ ಊಟದ ಖರ್ಚನ್ನು ಡಿಕ್ರಿದಾರನೇ ಕಟ್ಟಬೇಕು. ಹೊರಗೆ ಬಂದ ಮೇಲೂ ಸಾಲ ಹಾಗೇ ಉಳಿದಿರುತ್ತದೆ. ಹೆಂಗಸರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತಿಲ್ಲ ಎಂದು 56ನೇ ಕಲಂ ಹೇಳುತ್ತದೆ. 1936ರಲ್ಲಿ 51ನೇ ಕಲಮಿಗೆ ಒಂದು ಕಟ್ಟುಪಾಡು ಸೇರಿತು. ಸಾಲಗಾರ ಊರು ಬಿಟ್ಟು ಓಡುವ ಸಂಭವವಿರಬೇಕು, ಇಲ್ಲವೇ ಮೋಸದಿಂದ ಆಸ್ತಿ ದಾಟಿಸಿರಬೇಕು, ಇಲ್ಲವೇ ಡಿಕ್ರಿಯಾದ ದಿನದಿಂದೀಚೆಗೆ ತೀರಿಸುವ ಶಕ್ತಿ ಇದ್ದೂ ತೀರಿಸದೆ ಇರಬೇಕು, ಇಲ್ಲವೇ ನಂಬಿಕೆಯ ಸ್ಥಾನದಲ್ಲಿದ್ದು ಲೆಕ್ಕ ಕೊಡಬೇಕಾದ ಹಣ ಅದಾಗಿರಬೇಕು. ಇವುಗಳಲ್ಲಿ ಒಂದಾದರೂ ಇದೆ ಎಂದು ನ್ಯಾಯಾಧೀಶರು ಕಾರಣ ಬರೆದು ತೃಪ್ತರಾದ ಮೇಲೆಯೇ ಜೈಲು.

"ಡಿಕ್ರಿಯಾದ ದಿನದಿಂದೀಚೆಗೆ ಶಕ್ತಿ ಇದ್ದೂ" ಎನ್ನುವಲ್ಲಿ ನಮ್ಮ ಬೆಳೆಗಾರ ಸಿಕ್ಕಿಬೀಳುತ್ತಾನೆ. ಎದುರು ವಕೀಲರು ಎದ್ದುನಿಂತು, ಕೊಬ್ಬರಿ ಇಪ್ಪತ್ತು ಸಾವಿರ ದಾಟಿತ್ತಲ್ಲ ಸ್ವಾಮಿ, ಇವರಿಗೆ ಇಷ್ಟು ಎಕರೆ ತೋಟ ಇದೆಯಲ್ಲ, ಎಂದರೆ ಮೇಲ್ನೋಟಕ್ಕೆ ಶಕ್ತಿ ಇದ್ದಂತೆಯೇ ಕಾಣುತ್ತದೆ. ಪಹಣಿಯಲ್ಲಿ ತೋಟ ಇದೆ. ತೋಟದ ಮರದಲ್ಲಿ ಹೊಂಬಾಳೆ ಇದೆಯೋ ಇಲ್ಲವೋ ಪಹಣಿ ಹೇಳುವುದಿಲ್ಲ. ದರ ಏರಿದ ತಿಂಗಳಲ್ಲಿ ಅವನ ಬಳಿ ಎಷ್ಟು ಕ್ವಿಂಟಲ್ ಇತ್ತು, ಎಷ್ಟು ಮೊದಲೇ ಮಂಡಿಗೆ ಮುಂಗಡಕ್ಕೆ ಹೋಗಿತ್ತು, ಕೈಗೆ ಬಂದ ಹಣದ ಮೇಲೆ ಆಸ್ಪತ್ರೆಯದೋ ಮಕ್ಕಳ ಓದಿನದೋ ಬೇರೆ ಯಾವ ಹಕ್ಕು ಇತ್ತು, ಇವನ್ನು ಕೇಳದೆ ಶಕ್ತಿಯ ಪ್ರಶ್ನೆಗೆ ಉತ್ತರವಿಲ್ಲ.

ಇದನ್ನು ನಾನು ನನ್ನ ಕಕ್ಷಿದಾರನ ಮೇಲಿನ ಮಮಕಾರದಿಂದ ಹೇಳುತ್ತಿಲ್ಲ. ನಿಮ್ಮನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟ್ ಹೇಳಿದ ಮಾತು ಇದು. 1980ರ ಫೆಬ್ರುವರಿ 4ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ನ್ಯಾಯಮೂರ್ತಿ ಆರ್.ಎಸ್. ಪಾಠಕ್ ಅವರೊಡನೆ ಕೂತು ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದ ತೀರ್ಪು ಕೊಟ್ಟರು. ಅದೂ ತೆಂಗಿನ ನಾಡಿನದೇ, ಕೇರಳದ್ದು. ಎರಡೂವರೆ ಲಕ್ಷ ರೂಪಾಯಿಯ ಡಿಕ್ರಿ. ಸ್ಥಿರಾಸ್ತಿಯೆಲ್ಲ ಆಗಲೇ ಜಪ್ತಿಯಾಗಿ, ಅದನ್ನು ನೋಡಿಕೊಳ್ಳಲು ಕೋರ್ಟೇ ರಿಸೀವರನನ್ನು ನೇಮಿಸಿತ್ತು. ಅದರ ಮೇಲೂ ವಾರಂಟ್ ಹೊರಟಿತು. ಸಾಲಗಾರರ ಈಗಿನ ಶಕ್ತಿ ಏನು, ಮನಸ್ಸಿನಲ್ಲಿ ವಂಚನೆ ಇದೆಯೇ ಎಂಬ ವಿಚಾರಣೆ ನಡೆದಿರಲಿಲ್ಲ.

ಆ ತೀರ್ಪಿನ ನಡೆಯನ್ನು ನಮ್ಮ ಕಿರಿಯರು ಹೆಜ್ಜೆ ಹೆಜ್ಜೆಯಾಗಿ ಓದಬೇಕು. ಕೃಷ್ಣ ಅಯ್ಯರ್ ಮೊದಲು ನಿಮ್ಮ ಮಿತಿಯನ್ನು ಒಪ್ಪಿಕೊಂಡರು. ದೇಶ ಒಪ್ಪಂದಕ್ಕೆ ಸೇರಿದ ಮಾತ್ರಕ್ಕೆ ಒಪ್ಪಂದ ಇಲ್ಲಿನ ಕಾನೂನಾಗುವುದಿಲ್ಲ, ಶಾಸಕಾಂಗ ಕಾನೂನು ಮಾಡುವವರೆಗೆ ಕೋರ್ಟು ಅದನ್ನೇ ನೇರವಾಗಿ ಜಾರಿ ಮಾಡಲಾಗದು ಎಂದರು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತೆಂದು ಪುಟ ಮಗುಚಬಹುದಿತ್ತು. ಅವರು ಮಗುಚಲಿಲ್ಲ. 51ನೇ ಕಲಮನ್ನು ನಿಮ್ಮ ಬೆಳಕಿನಲ್ಲಿ ಮತ್ತೊಮ್ಮೆ ಓದಿದರು. ಜೀವ, ವೈಯಕ್ತಿಕ ಸ್ವಾತಂತ್ರ್ಯಗಳನ್ನು ಕಾಯುವ ಸಂವಿಧಾನದ 21ನೇ ವಿಧಿಯನ್ನು ಜೊತೆಗಿಟ್ಟರು. ಬರಿದೇ ಕೊಡದಿರುವುದು ಸಾಲದು, ಕೊಡಲೊಲ್ಲದ ಕೆಟ್ಟ ಮನಸ್ಸು ಇರಬೇಕು ಎಂಬ ಅರ್ಥ ಅಲ್ಲಿ ಸಿಕ್ಕಿತು. ಒಂದು ಕಾಲದಲ್ಲಿ ಹಣವಿದ್ದು ಈಗ ಇಲ್ಲದವನನ್ನು, ಈಗ ಹಣವಿದ್ದರೂ ಅದರ ಮೇಲೆ ಬೇರೆ ತುರ್ತಿನ ಹೊರೆ ಇರುವವನನ್ನು ಹಿಡಿದು ಒಳಗೆ ಹಾಕುವುದು ನಿಮ್ಮ ಆಶಯಕ್ಕೆ ವಿರುದ್ಧ ಎಂದು ಬರೆದರು. ಬಡತನ ಅಪರಾಧವಲ್ಲ ಎಂದರು. ವಾರಂಟ್ ರದ್ದಾಯಿತು, ಪ್ರಕರಣ ಹೊಸ ವಿಚಾರಣೆಗೆ ಹಿಂದಿರುಗಿತು. ನಿಮ್ಮನ್ನು ಭಾರತ ಒಪ್ಪಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ನಿಮ್ಮನ್ನು ಬಳಸುವ ಸರಿಯಾದ ದಾರಿ ಇದೇ ಎಂದು ನಾನು ನಂಬಿದ್ದೇನೆ. ತಪ್ಪು ದಾರಿಯ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. 1981-82ರಲ್ಲಿ ಇಂಗ್ಲೆಂಡಿನ ಕ್ರಿಕೆಟ್ ತಂಡ ಭಾರತಕ್ಕೆ ಬಂದಾಗ ಅದರಲ್ಲಿ ಜೆಫ್ರಿ ಬಾಯ್ಕಾಟ್ ಸೇರಿ ಇಬ್ಬರು ಆಟಗಾರರಿಗೆ ವರ್ಣಭೇದದ ದಕ್ಷಿಣ ಆಫ್ರಿಕಾದ ನಂಟಿತ್ತು. ಆ ದೇಶದೊಂದಿಗೆ ಕ್ರೀಡಾ ನಂಟು ಬೇಡವೆಂದು ಕಾಮನ್‌ವೆಲ್ತ್ ದೇಶಗಳು 1977ರಲ್ಲಿ ಮಾಡಿಕೊಂಡ ಗ್ಲೆನೀಗಲ್ಸ್ ಒಪ್ಪಂದವನ್ನು ಹಿಡಿದು ಬೆಂಗಳೂರಿನ ಕಾನೂನು ಕಾಲೇಜೊಂದರ ನಾಗರಿಕ ಹಕ್ಕುಗಳ ಸಮಿತಿ ಹೈಕೋರ್ಟಿಗೆ ಹೋಯಿತು. ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಕಾನೂನಿನ ರೂಪ ಪಡೆಯದ ಅಂತರರಾಷ್ಟ್ರೀಯ ಬಾಧ್ಯತೆಯನ್ನು ಕೋರ್ಟು ಸರ್ಕಾರದ ಮೇಲೆ ಹೇರಲಾಗದು, ಒಪ್ಪಂದಗಳನ್ನು ಗೌರವಿಸಲು ಹೇಳುವ ಸಂವಿಧಾನದ 51ನೇ ವಿಧಿ ರಾಜ್ಯಕ್ಕೆ ಕೊಟ್ಟ ನಿರ್ದೇಶನವೇ ಹೊರತು ಕೋರ್ಟಿನಲ್ಲಿ ಜಾರಿ ಮಾಡಿಸುವ ಹಕ್ಕಲ್ಲ ಎಂದಿತು. ಆ ಸಮಿತಿಯವರ ಕಳಕಳಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಒಪ್ಪಂದಕ್ಕೆ ಆತುಕೊಳ್ಳಲು ಈ ನೆಲದ ಕಾನೂನಿನ ಒಂದು ಕಲಮೂ ಇರಲಿಲ್ಲ. ನಿಮಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಮಿದೆ. ಅದನ್ನು ಹಿಡಿದುಕೊಂಡೇ ನೀವು ನಮ್ಮ ಕೋರ್ಟ್ ಹಾಲಿನೊಳಗೆ ಬರಬೇಕು.

ಇದೇ ದಾರಿಯನ್ನು ಲೋಕಕ್ಕೆ ಬರೆದುಕೊಟ್ಟದ್ದೂ ಬೆಂಗಳೂರೇ. 1988ರ ಫೆಬ್ರುವರಿ 24ರಿಂದ 26ರವರೆಗೆ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಕರೆಯ ಮೇಲೆ ಹಲವು ದೇಶಗಳ ನ್ಯಾಯಾಧೀಶರು ಅಲ್ಲಿ ಸೇರಿದರು. ಆಸ್ಟ್ರೇಲಿಯಾದ ಮೈಕೆಲ್ ಕರ್ಬಿ, ಅಮೆರಿಕದ ರೂತ್ ಬೇಡರ್ ಗಿನ್ಸ್‌ಬರ್ಗ್, ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಹಲೀಂ, ಜಿಂಬಾಬ್ವೆಯ ಎನೋಕ್ ಡುಂಬುಟ್ಶೆನಾ, ಮಲೇಷ್ಯಾದ ಸಾಲೆ ಅಬ್ಬಾಸ್ ಅಲ್ಲಿದ್ದರು. ಅಲ್ಲಿ ರೂಪುಗೊಂಡ ಬೆಂಗಳೂರು ಸೂತ್ರಗಳ ತಿರುಳು ಇಷ್ಟು: ದೇಶದ ಕಾನೂನು ಸ್ಪಷ್ಟವಾಗಿ ಬೇರೆ ಹೇಳಿದರೆ ನ್ಯಾಯಾಧೀಶ ದೇಶದ ಕಾನೂನನ್ನೇ ಪಾಲಿಸಬೇಕು, ಆದರೆ ಆ ವಿರೋಧವನ್ನು ಎತ್ತಿ ತೋರಿಸಬೇಕು, ಕಾನೂನು ಅಸ್ಪಷ್ಟವಾಗಿದ್ದಲ್ಲಿ, ಎರಡು ಅರ್ಥಕ್ಕೆ ಎಡೆಯಿದ್ದಲ್ಲಿ, ದೇಶ ಹೊತ್ತ ಅಂತರರಾಷ್ಟ್ರೀಯ ಬಾಧ್ಯತೆಯ ಕಡೆ ನೋಡುವುದು ನ್ಯಾಯಾಂಗದ ಸಹಜ ಕೆಲಸ. ವಕೀಲರಿಗೂ ನ್ಯಾಯಾಧೀಶರಿಗೂ ಈ ಒಡಂಬಡಿಕೆಗಳ ಅರಿವು ಸಾಲದು, ಕಾಲೇಜುಗಳಲ್ಲಿ ಕಲಿಸಬೇಕು, ಗ್ರಂಥಾಲಯಗಳಲ್ಲಿ ಸಿಗುವಂತಾಗಬೇಕು ಎಂದೂ ಅವರು ಹೇಳಿದರು. ಬೆಂಗಳೂರಿನಿಂದ ನಮ್ಮೂರಿಗೆ ಅರಸೀಕೆರೆ ಕಡೆಯ ರೈಲಿನಲ್ಲಿ ಮೂರು ಗಂಟೆಯ ಆಸುಪಾಸು. ಸೂತ್ರಗಳಿಗೆ ಮಾತ್ರ ಈ ದಾರಿ ಇನ್ನೂ ಸವೆದಿಲ್ಲ. ಅಟ್ಟಕ್ಕೇರಿಸಿದ ಕಾಯಿಯನ್ನು ಹೊತ್ತಿಗೆ ಸರಿಯಾಗಿ ಇಳಿಸದಿದ್ದರೆ ಹುಳು ಬೀಳುವಂತೆ, ಓದದೆ ಇಟ್ಟ ಕಾನೂನೂ ಕೆಡುತ್ತದೆ.

ನಿಮ್ಮ ಬಂಧುಬಳಗದ ಮಾತು ಬೇರೆ. ಅವರಲ್ಲಿ ಕೆಲವರು ಹಳ್ಳಿಯವರೆಗೂ ಬಂದಿದ್ದಾರೆ. ಮಹಿಳೆಯರ ಮೇಲಿನ ತಾರತಮ್ಯ ನಿವಾರಣೆಯ ಒಡಂಬಡಿಕೆಯನ್ನು ಭಾರತ 1993ರ ಜುಲೈ 9ರಂದು ಒಪ್ಪಿತು. 1997ರ ಆಗಸ್ಟ್ 13ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆಧಾರವಾಗಿಟ್ಟುಕೊಂಡು, ಕಾನೂನೇ ಇಲ್ಲದಿದ್ದ ಜಾಗದಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ನಿಯಮ ರೂಪಿಸಿತು. 2013ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ನಾರಿನ ಕಾರ್ಖಾನೆಯಲ್ಲಿ, ಕರಟ ಬಿಡಿಸಿ ಕೊಬ್ಬರಿ ತೆಗೆಯುವ ಶೆಡ್ಡಿನಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳು ಇಂದು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ತಾಲ್ಲೂಕಿನಲ್ಲಿ ದೂರು ಪಡೆದು ಕಳಿಸುವ ನೋಡಲ್ ಅಧಿಕಾರಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. 2000ದ ಮಾರ್ಚ್ 8ರಂದು ದೆಹಲಿ ನಗರಪಾಲಿಕೆಯ ದಿನಗೂಲಿ ಮಹಿಳೆಯರ ಪ್ರಕರಣದಲ್ಲಿ ಇದೇ ಒಡಂಬಡಿಕೆಯ ಬಲದಿಂದ ಹೆರಿಗೆ ಸೌಲಭ್ಯ ಕಾಯಂ ನೌಕರರಿಗಷ್ಟೇ ಅಲ್ಲ ಎಂದು ತೀರ್ಮಾನವಾಯಿತು. ನಿಮ್ಮ ಒಡಂಬಡಿಕೆಯದೇ 9ನೇ ವಿಧಿಯನ್ನು 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೆನೆಯಿತು. ಅಕ್ರಮ ಬಂಧನಕ್ಕೆ ಪರಿಹಾರ ಕೊಡುವ ಆ ಭಾಗಕ್ಕೆ ಭಾರತ ತಕರಾರು ಸೂಚಿಸಿತ್ತು, ಆದರೂ ಪೊಲೀಸ್ ವಶದಲ್ಲಿ ಸತ್ತ ಮಗನ ತಾಯಿಗೆ ಪರಿಹಾರ ಸಿಕ್ಕಿತು. ಆ ಪೀಠದಲ್ಲಿ ಕೋಲಾರ ಕಡೆಯವರಾದ, ಮುಂದೆ ನಮ್ಮ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ವೆಂಕಟಾಚಲ ಇದ್ದರು. ನಿಮ್ಮ 17ನೇ ವಿಧಿಯ ನೆರವು ಪಡೆದು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕಾಯಿತಲ್ಲ, ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ಮಾತ್ರ ಹೊಸ್ತಿಲಲ್ಲೇ ನಿಂತಿದೆ. 1997ರ ಅಕ್ಟೋಬರ್ 14ರಂದು ಸಹಿ ಹಾಕಿದ ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. 2010ರ ಮಸೂದೆ ಲೋಕಸಭೆ ದಾಟಿ ಮುಂದೆ ಬಿದ್ದುಹೋಯಿತು. ಇದು ನನಗೆ ನಾಚಿಕೆಯ ವಿಷಯ.

ನಿಮ್ಮ ವಿರುದ್ಧ ಬರುವ ಎರಡು ಮಾತುಗಳನ್ನು ಮುಚ್ಚಿಡುವುದಿಲ್ಲ. ಒಂದು, ಜನ ಆರಿಸಿದ ಸಂಸತ್ತು ಚರ್ಚಿಸದೆ ಸರ್ಕಾರವೇ ಒಪ್ಪಿ ಬಂದ ಕಾಗದಕ್ಕೆ ಕೋರ್ಟು ಯಾಕೆ ಬೆಲೆ ಕೊಡಬೇಕು ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಸಂವಿಧಾನದ 253ನೇ ವಿಧಿ ಒಪ್ಪಂದಗಳನ್ನು ಜಾರಿಗೆ ತರುವ ಕಾನೂನು ಮಾಡಲು ಸಂಸತ್ತಿಗೆ ಪೂರ್ತಿ ಅಧಿಕಾರ ಕೊಟ್ಟಿದೆ. ಅದು ನಡೆಯುವುದೇ ಲೇಸು. ಆದರೆ ನಿಮ್ಮ ವಿಚಾರದಲ್ಲಿ ಕೋರ್ಟು ಸಂಸತ್ತಿನ ಕಾನೂನನ್ನು ಅಳಿಸುತ್ತಿಲ್ಲ. 1936ರ ಕಟ್ಟುಪಾಡಿನ ಮಾತುಗಳೊಳಗೇ ನಿಂತು, ಅವುಗಳಲ್ಲಿ ಬಡವನನ್ನು ಕಾಯುವ ಅರ್ಥವನ್ನು ಆರಿಸಿಕೊಳ್ಳುತ್ತಿದೆ. ಜೊತೆಗೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ನಿಮ್ಮ ಒಡಂಬಡಿಕೆಯ ಹೆಸರನ್ನು ತನ್ನ ವ್ಯಾಖ್ಯೆಯಲ್ಲೇ ಬರೆದುಕೊಂಡಿದೆ. ಆದ್ದರಿಂದ ಸಂಸತ್ತಿಗೆ ನೀವು ಅಪರಿಚಿತರೆಂದು ಯಾರೂ ಹೇಳುವಂತಿಲ್ಲ.

ಎರಡನೆಯದು ನನ್ನನ್ನು ಹೆಚ್ಚು ಕಾಡುವ ಮಾತು. ಸಾಲ ಕೊಟ್ಟವರೆಲ್ಲ ಸಾಹುಕಾರರಲ್ಲ. ಒಂದು ವರ್ಷದ ಕೊಬ್ಬರಿಯನ್ನೆಲ್ಲ ನಂಬಿಕೆಯ ಮೇಲೆ ವ್ಯಾಪಾರಿಗೆ ತೂಗಿ ಕೊಟ್ಟು, ಹಣಕ್ಕಾಗಿ ಅಲೆದು ಅಲೆದು ಕೊನೆಗೆ ಡಿಕ್ರಿ ಪಡೆದ ಬೆಳೆಗಾರರೂ ನನ್ನ ಕಕ್ಷಿದಾರರೇ. ಅವರ ಹಣದಲ್ಲಿ ಇನ್ನೊಬ್ಬರ ಹೆಸರಿಗೆ ಸೈಟು ಕೊಂಡು, ಕೋರ್ಟಿಗೆ ಬಂದು ಕೈಮುಗಿದು "ಏನೂ ಇಲ್ಲ ಸ್ವಾಮಿ" ಎನ್ನುವವರೂ ಇದ್ದಾರೆ. ಅಂಥವರಿಗೆ ನೀವು ನೆರಳಾಗಬಾರದು, ಆಗುವುದೂ ಇಲ್ಲ. ಕೈಲಾಗದವನಿಗಷ್ಟೇ ನಿಮ್ಮ ರಕ್ಷಣೆ. ಕೈಲಾಗದವನು ಯಾರು, ಕೊಡಲೊಲ್ಲದವನು ಯಾರು ಎಂದು ಬೇರೆ ಮಾಡಲು ವಿಚಾರಣೆ ಬೇಕು. ನೋಟಿಸು ಕೊಟ್ಟು ಕರೆಸಿ, ಡಿಕ್ರಿದಾರನಿಂದ ಪುರಾವೆ ಕೇಳಿ, ಸಾಲಗಾರನ ಮಾತನ್ನೂ ಕೇಳುವ ವಿಚಾರಣೆ. ನೀವು ನಮ್ಮ ಕೋರ್ಟುಗಳಿಗೆ ತರುವುದು ಆ ವಿಚಾರಣೆಯನ್ನೇ. ಅದರಿಂದ ಪ್ರಾಮಾಣಿಕ ಡಿಕ್ರಿದಾರನಿಗೆ ನಷ್ಟವಿಲ್ಲ.

ಇನ್ನೊಂದು ಬಾಗಿಲ ಬಗ್ಗೆ ನಿಮಗೆ ತಿಳಿಸಲೇಬೇಕು. 1989ರ ಏಪ್ರಿಲ್ 1ರಿಂದ ಚೆಕ್ ಬೌನ್ಸ್ ಆಗುವುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಅಪರಾಧವಾಗಿದೆ, ಈಗ ಅದಕ್ಕೆ ಎರಡು ವರ್ಷದವರೆಗೆ ಶಿಕ್ಷೆ. ವ್ಯಾಪಾರದಲ್ಲಿ ಚೆಕ್ಕಿನ ಮೇಲೆ ನಂಬಿಕೆ ಉಳಿಯಲಿ ಎಂದು ಬಂದ ಕಾನೂನು ಅದು. ಹಳ್ಳಿಯ ಕಡೆ ಸಾಲ ಕೊಡುವಾಗಲೇ ಸಹಿ ಮಾಡಿದ ಖಾಲಿ ಚೆಕ್ಕನ್ನು ಇಸಿದುಕೊಂಡು, ತೀರಿಸದಿದ್ದಾಗ ತುಂಬಿ ಬ್ಯಾಂಕಿಗೆ ಹಾಕುತ್ತಾರೆ. 51ನೇ ಕಲಮಿನಲ್ಲಿ ಸಾಲಗಾರನ ಶಕ್ತಿ ನೋಡಬೇಕು. ಇಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಇದು ಕ್ರಿಮಿನಲ್ ಕಾನೂನು, ಕರಾರಿನ ಬಾಕಿಗೆ ಹಾಕುವ ಸೆರೆಯಲ್ಲ ಎಂಬ ಉತ್ತರ ಸಿದ್ಧವಿದೆ. ಭದ್ರತೆಗೆಂದು ಪಡೆದ ಖಾಲಿ ಚೆಕ್ಕಿನ ಮಟ್ಟಿಗೆ ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ಮುಂದಿನ ಜಾಲಿ ಜಾರ್ಜ್ ಪ್ರಕರಣ ಇಲ್ಲಿಂದ ಹುಟ್ಟಬೇಕು, ತಿಪಟೂರಿನಿಂದಲೇ ಹುಟ್ಟಲಿ ಎಂದು ಬಯಸುತ್ತೇನೆ. 1976ರ ಋಣ ಪರಿಹಾರ ಕಾಯ್ದೆ ಮಾಡಿದ ದೇವರಾಜ ಅರಸರ ರಾಜ್ಯ ಇದು. 2025ರಲ್ಲಿ ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ಕಾನೂನು ಮಾಡಿದ್ದೂ ಇದೇ ರಾಜ್ಯ. ಖಾಲಿ ಚೆಕ್ಕಿನ ವಿಚಾರವನ್ನೂ ಕೈಗೆತ್ತಿಕೊಳ್ಳುವುದು ಈ ರಾಜ್ಯಕ್ಕೆ ಅಸಾಧ್ಯವಲ್ಲ.

ನಮ್ಮಲ್ಲಿ ಅನ್ಯಾಯವಾದರೆ ನಿಮ್ಮನ್ನು ಕಾಯುವ ಜಿನೀವಾದ ಸಮಿತಿಗೆ ದೂರು ಕೊಡಬಹುದಲ್ಲ ಎಂದು ಕಿರಿಯ ಮಿತ್ರರು ಕೇಳುತ್ತಾರೆ. ಕೊಡಲಾಗದು. ವ್ಯಕ್ತಿಗಳ ದೂರಿಗೆ ಅವಕಾಶ ಕೊಡುವ ಐಚ್ಛಿಕ ಪ್ರೋಟೋಕಾಲನ್ನು ಭಾರತ ಒಪ್ಪಿಲ್ಲ. ದೇಶದ ವರದಿಯನ್ನು 1997ರಲ್ಲಿ ಪರಿಶೀಲಿಸಿದ ಆ ಸಮಿತಿ ಮತ್ತೆ ಪರಿಶೀಲಿಸಿದ್ದು 2024ರ ಜುಲೈನಲ್ಲಿ. ತೋಟದ ಸಾಲಗಾರನಿಗೆ ನೀವು ಸಿಗುವುದಾದರೆ ತಾಲ್ಲೂಕು ಕೋರ್ಟಿನಲ್ಲೇ ಸಿಗಬೇಕು. ಅದಕ್ಕಾಗಿ ತಕರಾರು ಅರ್ಜಿಗೆ ಸೇರಿಸುವ ಒಂದು ಪ್ಯಾರಾ ಬರೆದಿದ್ದೇನೆ. ಯಾರು ಬೇಕಾದರೂ ಹಾಗೇ ನಕಲು ಮಾಡಿಕೊಳ್ಳಲಿ:

"ಎದುರುದಾರನು ಡಿಕ್ರಿಯ ಹಣವನ್ನು ಕೊಡಲು ನಿರಾಕರಿಸಿಲ್ಲ, ಕೊಡುವ ಶಕ್ತಿ ಈಗ ಅವನಿಗಿಲ್ಲ. ಡಿಕ್ರಿಯಾದ ದಿನದಿಂದ ಇಂದಿನವರೆಗೆ ವರ್ಷವಾರು ಬಂದ ಕೊಬ್ಬರಿ, ಮಾರಿದ ದಿನ, ದರ, ಆ ಹಣದ ಮೇಲಿದ್ದ ಇತರ ಹೊರೆಗಳ ವಿವರವನ್ನು ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದ್ದಾನೆ. ಶಕ್ತಿ ಇದ್ದೂ ದುರುದ್ದೇಶದಿಂದ ಕೊಟ್ಟಿಲ್ಲ ಎಂಬುದನ್ನು ರುಜುವಾತುಪಡಿಸುವ ಹೊಣೆ ಡಿಕ್ರಿದಾರರದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಮಿನ ಕಟ್ಟುಪಾಡನ್ನು ಸಂವಿಧಾನದ 21ನೇ ವಿಧಿಗೂ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಲ್ಲಿ ಭಾರತ ಯಾವ ಷರತ್ತೂ ಇಲ್ಲದೆ ಒಪ್ಪಿರುವ 11ನೇ ವಿಧಿಗೂ ಹೊಂದುವಂತೆ ಓದಬೇಕೆಂದು ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ತೀರ್ಮಾನಿಸಿದೆ. ವಿಚಾರಣೆ ನಡೆಸದೆ ವಾರಂಟ್ ಹೊರಡಿಸಬಾರದೆಂದು ಪ್ರಾರ್ಥನೆ."

ಇಂತಿ ನಿಮ್ಮ ವಿಶ್ವಾಸಿ,
ತಿಪಟೂರಿನ ಒಬ್ಬ ವಕೀಲ